ಎಣ್ಣೆ ಹಾಕದೆ ಕೂರಿಸಿದ ಪೈಪು

ರಬ್ಬರ್ ಹರಿಯಬಹುದಿತ್ತು. ಹರಿಯದಿದ್ದರೆ ಅದು ಕೂರಬೇಕಾದ ಪ್ಲಾಸ್ಟಿಕ್ ಬಾಯಿ ಬಿರುಕು ಬಿಡಬಹುದಿತ್ತು. ಎರಡೂ ಉಳಿದರೆ, ಕ್ಲಿಪ್ಪಿನ ಸ್ಕ್ರೂ ಕೈಜಾರಿ, ಗಾಳಿ ಒಳಗೆ ಹೋಗುವ ಎಂಜಿನ್ನಿನ ಗಂಟಲೊಳಗೆ ಬೀಳಬಹುದಿತ್ತು. ಹಾಗೆ ಬಿದ್ದಿದ್ದರೆ ಅದರ ಹಿಂದೆ ನಾನೂ ಬೀಳುವುದೇ ವಾಸಿಯಿತ್ತು. ಸ್ಕ್ರೂ ಬೀಳದಿರಲೆಂದು ಗಂಟಲಿಗೆ ತುರುಕಿದ ಬಟ್ಟೆಯನ್ನು ತೆಗೆಯಲು ಮರೆಯಬಹುದಿತ್ತು. ಸೋಪಿನ ನೀರು ಸೆನ್ಸರಿಗೆ ತಾಗಿ ಅದು ಸಾಯಬಹುದಿತ್ತು. ಬಿಸಿನೀರು ಹಿಡಿದು ಬರುವ ನನ್ನ ತಾಯಿ ಷೆಡ್ಡಿನ ಹೊಸ್ತಿಲಲ್ಲಿ ಎಡವಬಹುದಿತ್ತು. ಪೈಪು ಸರಿಯಾಗಿ ಕೂತ ಹಾಗೆ ನಾಟಕವಾಡಿ, ಆರ್‌ಟಿಓ ಗ್ರೌಂಡಿನ ನಡುವೆ, ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತಿರುವಾಗಲೇ ಫಟ್ ಎಂದು ಕಳಚಬಹುದಿತ್ತು. ಇದೆಲ್ಲ ತಪ್ಪಿದರೂ ಕುಣಿಗಲ್ ಬಸ್ಸು ಹೆಬ್ಬೂರಿನಲ್ಲಿ ಕೆಟ್ಟು ನಿಂತು, ಟೆಸ್ಟು ಕೊಡಬೇಕಾದ ಎಂಟು ಹೆಂಗಸರು ಅಲ್ಲೇ ರಾಗಿ ಹೊಲದ ಬದಿಯಲ್ಲಿ ಕೂತುಬಿಡಬಹುದಿತ್ತು.

ಇದನ್ನೆಲ್ಲ ಮೊದಲೇ ಒಂದು ಹಳೇ ಕ್ಯಾಲೆಂಡರಿನ ಬೆನ್ನಮೇಲೆ ನಂಬರ್ ಹಾಕಿ ಬರೆದಿಟ್ಟಿದ್ದೆ. ಒಟ್ಟು ಹದಿನಾಲ್ಕು. ಮೇಲೆ ಹೇಳಿದವು ಮುಖ್ಯವಾದವು ಮಾತ್ರ. ಮಿಕ್ಕವನ್ನು ಹೇಳಿದರೆ ನೀವು ನಗುತ್ತೀರಿ. ಹನ್ನೊಂದನೆಯದು ‘ಭೂಕಂಪ’ ಎಂದಿತ್ತು.

ನಾನು ಅಜೀಜ್. ತುಮಕೂರಿನ ಮರಳೂರಿನಲ್ಲಿ ಹದಿನೈದು ವರ್ಷ ಒಂದು ತಗಡಿನ ಷೆಡ್ಡಿನಡಿ ಕಾರು ರಿಪೇರಿ ಮಾಡಿದವನು. ಬಲಗೈ ಮಣಿಕಟ್ಟು ಸ್ಪ್ಯಾನರ್ ತಿರುಗಿಸಲು ಒಲ್ಲೆನೆಂದಾಗ, ಐವತ್ತೆರಡಕ್ಕೇ ಬಾಗಿಲು ಹಾಕಿದೆ. ಈಗ ಐಟಿಐ ಮುಗಿಸಿದವರು ಮನೆಗೆ ಬಂದು, ‘ಸರ್, ಈ ಫೀಲ್ಡಲ್ಲಿ ಏನಿದೆ?’ ಎಂದು ಕೇಳುತ್ತಾರೆ. ಏನಿದೆ ಎಂದು ಹೇಳಲು ಕೂತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮನ್ನು ‘ರಸ್ತೆಬದಿ ಮೆಕ್ಯಾನಿಕ್’ ಎಂದು ಮೂಗು ಮುರಿಯುವವರು ಇದ್ದಾರೆ. ಹೌದು ಸ್ವಾಮಿ, ರಸ್ತೆಬದಿಯವನೇ. ಕಾರು ಕೆಡುವುದೂ ರಸ್ತೆಯಲ್ಲೇ, ಷೋರೂಮಿನ ಗಾಜಿನೊಳಗಲ್ಲ. ಈ ಮಾತಿಗೆ ನಾಚಿಕೊಳ್ಳುವವರು ಬೇರೆ ಕೆಲಸ ನೋಡಿಕೊಳ್ಳಿ. ಹೆದರುವವರು ಧಾರಾಳವಾಗಿ ಬನ್ನಿ. ನಾನು ಇಡೀ ಆಯುಷ್ಯ ಹೆದರಿಕೊಂಡೇ ಕೆಲಸ ಮಾಡಿದ್ದೇನೆ.

ಸ್ವಂತ ಷೆಡ್ಡಿಗೆ ಮುಂಚೆ ಊರಿನ ಒಂದು ದೊಡ್ಡ ವರ್ಕ್‌ಶಾಪಿನಲ್ಲಿದ್ದೆ. ಅಲ್ಲಿ ನಂಜಪ್ಪ ಎಂಬವರು ಫೋರ್‌ಮನ್. ಅವರ ವಿದ್ಯೆಯೆಲ್ಲ ಎರಡು ವಾಕ್ಯದಲ್ಲಿ ಮುಗಿಯುತ್ತಿತ್ತು: ‘ಒಳಕ್ಕೆ ಹೋಗಲ್ವಾ? ಹೊಡಿ. ಆಚೆಗೆ ಬರಲ್ವಾ? ಹೊಡಿ.’ ಅವರ ಸುತ್ತಿಗೆಗೆ ಬೇರೆ ಯಾರೂ ಕೈ ಹಾಕುವಂತಿರಲಿಲ್ಲ. ಒಂದು ದಿನ ಕಾರ್ಬೊರೇಟರಿನ ಕತ್ತಿನ ಮೇಲೆ ಏರ್‌ಫಿಲ್ಟರಿನ ಡಬ್ಬಿ ಕೂರದೆ ಸತಾಯಿಸುತ್ತಿತ್ತು. ನಂಜಪ್ಪನವರು ಸುತ್ತಿಗೆ ಎತ್ತಿದರು. ನಾನು, “ಸಾರ್, ಒಂದ್ನಿಮಿಷ, ತಿರುಗಿಸಿ ನೋಡ್ತೀನಿ, ಅದು ಸೂಕ್ಷ್ಮ” ಎಂದೆ.

“ಏನ್ಲಾ ಅಜೀಜ,” ಎಂದರು ಇಡೀ ವರ್ಕ್‌ಶಾಪಿಗೆ ಕೇಳುವ ಹಾಗೆ, “ಇದೇನು ನಿಮ್ಮಮ್ಮನ ಬಳೆಯಾ, ಒಡೆದೋಗಕ್ಕೆ?”

ಎಲ್ಲರೂ ನಕ್ಕರು. ನನ್ನ ತಾಯಿ ಗುಬ್ಬಿಯಲ್ಲಿ ಬಳೆ ಮಾರುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ನಂಜಪ್ಪನವರು ಹೊಡೆದರು. ಕಾರ್ಬೊರೇಟರಿನ ಕತ್ತು ಬಳೆಗಿಂತ ಚೆನ್ನಾಗಿ ಒಡೆಯಿತು. ಆಗ ಮಾತ್ರ ಯಾರೂ ನಗಲಿಲ್ಲ.

ಅವತ್ತೇ ಅವರ ಮುಖಕ್ಕೆ ಸ್ಪ್ಯಾನರ್ ಎಸೆದು ಹೊರನಡೆದೆ ಎಂದು ಬರೆಯಲು ಕೈ ತುರಿಸುತ್ತಿದೆ. ಆದರೆ ನಡೆಯಲಿಲ್ಲ. ‘ಹೂಂ ಸಾರ್’ ಎಂದು ಚೂರುಗಳನ್ನು ಆಯ್ದು, ಇನ್ನೂ ಎರಡು ವರ್ಷ ಅಲ್ಲೇ ಇದ್ದೆ. ಹೊರಗೆ ಬಂದ ದಿನವೂ ‘ಹೋಗಿ ಬರ್ತೀನಿ ಸಾರ್’ ಎಂದು ಕೈ ಮುಗಿದೇ ಬಂದೆ. ನನ್ನ ಸಿಟ್ಟು ಯಾವಾಗಲೂ ತಡವಾಗಿ ಬರುವ ಬಸ್ಸು.

ನಂಜಪ್ಪನವರನ್ನು ಆಡಿಕೊಂಡೆನಲ್ಲ, ನನ್ನ ತಪ್ಪನ್ನೂ ಹೇಳಬೇಕು. ಷೆಡ್ ಹಾಕಿದ ಮೊದಲ ವರ್ಷ. ಗುಬ್ಬಿಯ ಒಬ್ಬ ಕೊಬ್ಬರಿ ವ್ಯಾಪಾರಿಯ ಕಾರು. ಫಿಲ್ಟರಿನಿಂದ ಕಾರ್ಬೊರೇಟರಿಗೆ ಗಾಳಿ ಒಯ್ಯುವ ರಬ್ಬರ್ ಪೈಪನ್ನು ಹೊಸದಾಗಿ ಹಾಕಬೇಕಿತ್ತು. ಸಿಕ್ಕಿದ ಪೈಪು ಕೂದಲೆಳೆಯಷ್ಟು ಬಿಗಿ. ನಂಜಪ್ಪನವರನ್ನು ನೋಡಿದ ಮೇಲೆ ಸುತ್ತಿಗೆ ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದೆ, ಅದಕ್ಕೆ ಬುದ್ಧಿ ಉಪಯೋಗಿಸಿದೆ. ಒಳಗೆ ಒಂದು ಚಮಚ ತೆಂಗಿನೆಣ್ಣೆ ಸವರಿದೆ. ಪೈಪು ಎಷ್ಟು ಚೆನ್ನಾಗಿ ಜಾರಿಕೊಂಡು ಹೋಯಿತೆಂದರೆ, ಇದನ್ನು ಯಾರೂ ಯಾಕೆ ಇದುವರೆಗೆ ಕಂಡುಹಿಡಿದಿಲ್ಲ ಎಂದು ನನಗೇ ಹೆಮ್ಮೆಯಾಯಿತು.

ಎರಡು ದಿನದ ಮೇಲೆ ಆ ಕಾರಿನಲ್ಲಿ ಅವರ ಅಳಿಯನಾಗುವವನು ಛತ್ರಕ್ಕೆ ಹೊರಟಿದ್ದ. ಎಂಜಿನ್ ಬಿಸಿಯಾದಂತೆ ಪೈಪು ಹೇಗೆ ಜಾರಿಕೊಂಡು ಹೋಗಿತ್ತೋ ಹಾಗೆಯೇ ಜಾರಿಕೊಂಡು ಆಚೆ ಬಂತು. ಕಾರು ರಸ್ತೆಯ ಧೂಳನ್ನೆಲ್ಲ ಕುಡಿದು, ಕೆಮ್ಮಿ, ಛತ್ರಕ್ಕೆ ಕೂಗಳತೆಯಲ್ಲಿ ನಿಂತಿತು. ಪೇಟ ಕಟ್ಟಿದ ಮದುಮಗ ಇಳಿದು ತಳ್ಳಿದನಂತೆ. ವ್ಯಾಪಾರಿ ಷೆಡ್ಡಿಗೆ ಬಂದು ಕೂಗಾಡಲಿಲ್ಲ. ಒಂದು ಕಾಯಿ ತಂದು ನನ್ನ ಕೈಗಿಟ್ಟು, “ತಗಳಪ್ಪ ಮೇಸ್ತ್ರಿ, ಮುಂದಿನ ಕಾರಿಗೆ ಎಣ್ಣೆ ಬೇಕಾಯ್ತದಲ್ಲ” ಎಂದರು. ಕೂಗಾಡಿದ್ದರೆ ಮರೆತುಹೋಗುತ್ತಿತ್ತು.

ಮನೆಗೆ ಬಂದು ಅಮ್ಮಿಗೆ ಹೇಳಿದೆ. ನಮ್ಮ ಮನೆಮಾತು ಉರ್ದು. ಆದರೆ ಬಳೆಯ ವಿಷಯ ಬಂದರೆ ಅಮ್ಮಿಯ ಬಾಯಲ್ಲಿ ಕನ್ನಡವೇ ಬರುತ್ತಿತ್ತು. ಆ ವಿದ್ಯೆಯನ್ನು ಆಕೆ ಗುಬ್ಬಿಯ ಹೆಂಗಸರ ಜಗಲಿಗಳ ಮೇಲೆ ಕಲಿತದ್ದು. “ಬಿಗಿ ಬಳೆಗೆ ಎಣ್ಣೆ ಹಚ್ತಾರಾ ಯಾರಾದ್ರೂ?” ಎಂದಳು. “ಎಣ್ಣೆ ಅಲ್ಲೇ ಕೂತ್ಕೊಂಬುಡ್ತದೆ. ಸೋಪು ಹಚ್ಚಬೇಕು. ಸೋಪು ಕೆಲ್ಸ ಮುಗಿಸಿ ಒಣಗೋಯ್ತದೆ, ಬಳೆ ಬಿಗಿಯಾಗೇ ಉಳೀತದೆ. ಇಷ್ಟೂ ಗೊತ್ತಿಲ್ದೆ ಮೇಸ್ತ್ರಿ ಆಗವ್ನೆ.”

ಅವತ್ತಿನಿಂದ ನನ್ನ ಷೆಡ್ಡಿನಲ್ಲಿ ರಬ್ಬರಿಗೆ ಎಣ್ಣೆ ತಾಗಿಸಲಿಲ್ಲ. ಯಾರು ಬಂದರೂ ಅದನ್ನೇ ಸಾರುತ್ತಿದ್ದೆ: ‘ನಾನು ಎಣ್ಣೆ ಹಾಕಲ್ಲ.’ ಕೆಲವರು ಒಂದು ಥರಾ ನೋಡಿ, ‘ಒಳ್ಳೇದು ಬಿಡಿ ಸಾಬ್ರೆ’ ಎನ್ನುತ್ತಿದ್ದರು. ಅವರು ಯಾವ ಎಣ್ಣೆ ಅಂದುಕೊಂಡರು ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಕಾರ್ಬೊರೇಟರ್ ಕಾಲ ಕಳೆದದ್ದು ನಮ್ಮ ಕಣ್ಣೆದುರೇ. ಮೊದಲು ಕಿವಿಯಿಂದ ಟ್ಯೂನಿಂಗ್ ಮಾಡುತ್ತಿದ್ದೆವು. ಬಾನೆಟ್ಟಿನ ಮೇಲೆ ತಲೆ ಬಾಗಿಸಿ, ಸ್ಕ್ರೂಡ್ರೈವರ್ ತಿರುಗಿಸುತ್ತ, ಎಂಜಿನ್ ‘ಹಾಂ’ ಎಂದ ಜಾಗದಲ್ಲಿ ನಿಲ್ಲಿಸುತ್ತಿದ್ದೆವು. ಎಲ್ಲೋ ಒಂದು ಬಿರುಕಿನಿಂದ ಸ್ವಲ್ಪ ಕಳ್ಳಗಾಳಿ ನುಗ್ಗಿದರೂ ಆ ಎಂಜಿನ್ನುಗಳು ಸಹಿಸಿಕೊಳ್ಳುತ್ತಿದ್ದವು. ಹೊಸ ಕಾರುಗಳು ಬಂದ ಮೇಲೆ ಆ ಸಹನೆ ಹೋಯಿತು. ಫಿಲ್ಟರಿನ ಪಕ್ಕದಲ್ಲೇ ಒಂದು ಸೆನ್ಸರ್ ಕೂತು ಒಳಗೆ ಹೋಗುವ ಗಾಳಿಯನ್ನು ಅಳೆಯುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲು. ಸೆನ್ಸರ್ ದಾಟಿದ ಮೇಲೆ ಪೈಪು ಹರಿದಿದ್ದರೆ ಅಳೆಯದ ಗಾಳಿ ನುಗ್ಗುತ್ತದೆ, ಲೆಕ್ಕ ತಪ್ಪುತ್ತದೆ, ಎಂಜಿನ್ ಏದುಸಿರು ಬಿಡುತ್ತ, ಏರುತ್ತ ಇಳಿಯುತ್ತ, ಸಿಗ್ನಲ್ಲಿನಲ್ಲಿ ನಿಂತರೆ ಆಫ್. ನನಗಂತೂ ಆ ಎಂಜಿನ್ನುಗಳ ಮೇಲೆ ಪ್ರೀತಿ ಹುಟ್ಟಿತು. ಅವೂ ನನ್ನ ಹಾಗೆಯೇ, ಸಣ್ಣದಕ್ಕೆಲ್ಲ ಎದೆ ಹೊಡೆದುಕೊಳ್ಳುವ ಜಾತಿ.

ಅಂಥ ಒಂದು ಕಾರು ಶಾರದಮ್ಮನವರದು.

ಶಾರದಮ್ಮ ಕುಣಿಗಲ್ಲಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಹೆಂಗಸರಿಗೆ ಮಾತ್ರ. ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳವು. ಕುಣಿಗಲ್ಲಿನಲ್ಲಿ ಹೆಂಗಸು ಕಾರು ಓಡಿಸಿದರೆ ಹೋಟೆಲಿನಲ್ಲಿದ್ದವರು ಕಾಫಿ ಬಿಟ್ಟು ಹೊರಗೆ ಬಂದು ನೋಡುತ್ತಿದ್ದ ಕಾಲ. ಇದ್ದದ್ದು ಒಂದೇ ಕಾರು, ಎರಡೂ ಕಡೆ ಬ್ರೇಕು-ಕ್ಲಚ್ಚು ಇರುವಂಥದ್ದು. ಅದನ್ನು ಅವರು ಮನೆಯ ಪಕ್ಕದ ಕೊಬ್ಬರಿ ಕೋಣೆಯ ಮುಂದೆ ನಿಲ್ಲಿಸುತ್ತಿದ್ದರು. ಕೊಬ್ಬರಿ ತಿಂದು ಬೇಸರವಾದ ಇಲಿಯೊಂದು ಗಾಳಿ ಪೈಪಿನ ರುಚಿ ನೋಡಿತು.

ಮೊದಲು ಬಂದಾಗ ನಾನು ಹರಿದ ಜಾಗಕ್ಕೆ ಸೈಕಲ್ ಟ್ಯೂಬು ಸುತ್ತಿ ಕಟ್ಟಿ ಕಳಿಸಿದೆ. ಮೂರೇ ದಿನ. ಶನಿವಾರ ಶಾರದಮ್ಮ ಮತ್ತೆ ಬಂದರು. ಹೆಬ್ಬೂರಿನಿಂದ ಈಚೆಗೆ ಎಂಟು ಸಲ ಆಫ್ ಆಯಿತಂತೆ. ಕಾರಿನಿಂದ ಇಳಿದವರೇ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟರು.

“ಅಜೀಜಣ್ಣ, ಬುಧವಾರ ಬೆಳಿಗ್ಗೆ ಹತ್ತಕ್ಕೆ ಟೆಸ್ಟು. ಎಂಟು ಜನ. ಗುರುವಾರಕ್ಕೆ ಎಲ್ಲರ ಎಲ್‌ಎಲ್‌ಆರ್ ಮುಗೀತದೆ.”

“ಇನ್ನೊಂದು ಸಲ ಎಲ್‌ಎಲ್‌ಆರ್ ಮಾಡ್ಸಿದ್ರೆ ಆಗಲ್ವೇನಮ್ಮ?”

“ಕಾಗದ ಆಯ್ತದೆ. ಮನೇಲಿ ಆಗಲ್ಲ” ಎಂದರು. “ನಾಗರತ್ನನ ಗಂಡ ಏನಂದ ಗೊತ್ತಾ? ‘ಆರು ತಿಂಗಳು ಆಟ ಆಡಿದ್ದಾಯ್ತು, ಬುಧವಾರ ಪಾಸಾದ್ರೆ ಆಯ್ತು, ಇಲ್ದಿದ್ರೆ ಸ್ಟೇರಿಂಗ್ ಮಾತು ಮನೇಲಿ ಎತ್ತಬ್ಯಾಡ’ ಅಂತ. ಎಂಟು ಮನೇಲೂ ಇದೇ ರಾಗ. ಈ ಬ್ಯಾಚು ಹೋದ್ರೆ ಮುಂದಿನ ಬ್ಯಾಚು ಬರಲ್ಲ. ನಾನು ಬೋರ್ಡ್ ಇಳಿಸಬೇಕು.”

ನನ್ನ ಸೈಕಲ್ ಟ್ಯೂಬನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದಕ್ಕೆ ಗಾಳಿ ಹೊಡೀಬೇಕಿತ್ತಾ?” ಎಂದು ಕೇಳಿದರು.

ಕಂಪನಿ ಪೈಪಿಗಾಗಿ ಷೋರೂಮಿಗೆ ಹೋದೆ. ಅಲ್ಲಿ ಕೌಂಟರಿನ ಹಿಂದೆ, ಕುತ್ತಿಗೆಗೆ ಟೈ ಕಟ್ಟಿಕೊಂಡು, ನಂಜಪ್ಪನವರು! ಸುತ್ತಿಗೆ ಬಿಟ್ಟು ಪೆನ್ನು ಹಿಡಿದಿದ್ದರು. ಆರ್ಡರ್ ಹಾಕಿದರೆ ಹತ್ತು ದಿನ ಎಂದರು. ನಾನು ಬೆಂಗಳೂರಿನ ಒಂದು ಅಂಗಡಿಯಿಂದ ಬೇರೆಯವರು ಮಾಡಿದ ಪೈಪು ತರಿಸುತ್ತೇನೆ ಎಂದೆ.

“ತರಿಸಪ್ಪ. ಅದು ಎರಡು ಮಿಲಿಮೀಟರ್ ಬಿಗಿ ಇರ್ತದೆ. ಹೋಗಲ್ಲ.”

“ಹೋಗತ್ತೆ ಸಾರ್.”

“ಹೋಗಲ್ಲ ಕಣೋ. ಪ್ಲಾಸ್ಟಿಕ್ ಬಾಯಿ ಸುತ್ತ ಒಂದು ಉಬ್ಬು ಇದೆಯಲ್ಲ, ಅದನ್ನ ಅರದಲ್ಲಿ ತಿಕ್ಕಿ ತೆಗೆದು ಹಾಕು. ನೀವೆಲ್ಲ ಅದನ್ನೇ ತಾನೆ ಮಾಡೋದು, ತರಿಯೋದು, ಟೇಪ್ ಸುತ್ತೋದು.”

ಆ ಉಬ್ಬು ಇರುವುದೇ ಪೈಪು ಕಳಚದಿರಲೆಂದು. ತೆಗೆದರೆ ಪೈಪು ಸಲೀಸಾಗಿ ಹೋಗುತ್ತದೆ, ಆಮೇಲೆ ಅದನ್ನು ಹಿಡಿದಿಡಲು ಅಲ್ಲಿ ಏನೂ ಇರುವುದಿಲ್ಲ. ನಂಜಪ್ಪನವರಿಗೆ ಅದು ಗೊತ್ತಿತ್ತು. ನಾನು ಅದನ್ನೇ ಮಾಡುವವನು ಎಂದು ನನ್ನೆದುರೇ ಹೇಳುತ್ತಿದ್ದರು, ಅಷ್ಟೆ. ಹತ್ತು ವರ್ಷ ತಡವಾಗಿ ನನ್ನ ಸಿಟ್ಟಿನ ಬಸ್ಸು ಬಂತು.

“ಸಾರ್, ಒಂದು ಕೂದಲಷ್ಟು ತರಿಯಲ್ಲ. ಟೇಪ್ ಸುತ್ತಲ್ಲ. ಸುತ್ತಿಗೆ ಮುಟ್ಟಲ್ಲ. ತರಿದೆ ಅಂತ ಗೊತ್ತಾದ್ರೆ ನೀವೇ ಬಂದು ನನ್ನ ಷೆಡ್ಡಿನ ಬೋರ್ಡ್ ಕಿತ್ತಾಕಿ” ಎಂದೆ. ಮನೆಗೆ ಬಂದು ಕ್ಯಾಲೆಂಡರ್ ತಿರುಗಿಸಿ ಲಿಸ್ಟು ಬರೆಯಲು ಕೂತೆ.

ಪೈಪು ಮಂಗಳವಾರ ಮಧ್ಯಾಹ್ನ ಬಸ್ಸಿನಲ್ಲಿ ಬಂತು. ಒಳ್ಳೆಯ ದಪ್ಪ ರಬ್ಬರ್. ಸೆನ್ಸರ್ ಕಡೆಯ ತುದಿ ಸುಲಭವಾಗಿ ಕೂತಿತು. ಎಂಜಿನ್ ಕಡೆಯದು, ನಂಜಪ್ಪನವರು ಹೇಳಿದ ಹಾಗೆಯೇ, ಎರಡು ಮಿಲಿಮೀಟರ್ ಬಿಗಿ. ಬಿಸಿನೀರಲ್ಲಿ ಅದ್ದಿದೆ, ಸೋಪು ಹಚ್ಚಿದೆ, ನೂಕಿದೆ. ಉಬ್ಬಿನ ತನಕ ಬಂದು ನಿಲ್ಲುತ್ತಿತ್ತು. ಎರಡು ಗಂಟೆ ಹೆಣಗಿದೆ. ಹೆಬ್ಬೆರಳಿನ ಚರ್ಮ ಸುಲಿಯಿತು. ಒಂದು ಸಲ, ಒಂದೇ ಸಲ, ಅರ ಇಟ್ಟಿದ್ದ ಡ್ರಾಯರನ್ನು ಎಳೆದೆ. ಮತ್ತೆ ಮುಚ್ಚಿದೆ.

ಅಮ್ಮಿ ಷೆಡ್ಡಿಗೆ ಅಂಟಿಕೊಂಡಿದ್ದ ನಮ್ಮ ಮನೆಯ ಹಿತ್ತಲ ಬಾಗಿಲಿಂದ ನೋಡುತ್ತಿದ್ದಳು. ಆಗ ಅವಳಿಗೆ ಎಪ್ಪತ್ತರ ಹತ್ತಿರ. ಬಳೆ ವ್ಯಾಪಾರ ಬಿಟ್ಟು, ನನ್ನ ಜೊತೆಗೇ ಇದ್ದಳು. ಒಳಗೆ ಹೋಗಿ ಒಂದು ಸ್ಟೀಲ್ ಲೋಟ ತಂದಳು, ಕೆಳಗೆ ಸಣ್ಣ, ಮೇಲಕ್ಕೆ ಹೋದಂತೆ ಅಗಲ.

“ಇದನ್ನ ಅದರ ಬಾಯಿಗೆ ಒತ್ತಿ ಇಡು. ಬೆಳಿಗ್ಗೆ ತಂಕ ಇರ್ಲಿ. ರಬ್ಬರಿಗೆ ಅಭ್ಯಾಸ ಆಯ್ತದೆ.”

“ಬೆಳಿಗ್ಗೆ ಆಗದಿದ್ರೆ?”

“ಬೆಳಿಗ್ಗೆ ನಾನಿರ್ತೀನಲ್ಲ. ಇನ್ನೊಂದು ನೂಕು ನೂಕಿದ್ರೆ ಹರ್ದಾಕ್ತೀಯ ನೀನು.”

ಹಾಗಾಗಿ ಕಾರನ್ನು ಅವತ್ತು ಕುಣಿಗಲ್ಲಿಗೆ ಕಳಿಸುವಂತಿರಲಿಲ್ಲ. ಶಾರದಮ್ಮನವರ ಮನೆಗೆ ಫೋನ್ ಮಾಡಿದೆ. ಅವರು ಇರಲಿಲ್ಲ, ಅವರ ಅತ್ತೆ ಎತ್ತಿದರು. ವಯಸ್ಸಾದವರು, ಕಿವಿ ಸ್ವಲ್ಪ ಮಂದ. ಕೂಗಿ ಹೇಳಿದೆ: “ಅಮ್ಮಾ, ಮರಳೂರು ಗ್ಯಾರೇಜಿಂದ ಅಜೀಜ್! ತುಂಬಾ ಟೈಟ್ ಆಗಿದೆ! ಇವತ್ತು ಆಗಲ್ಲ! ಎಣ್ಣೆ ಹಾಕಲ್ಲ ನಾನು! ಬೆಳಿಗ್ಗೆ ಎಂಟರ ಹೊತ್ತಿಗೆ ಸರಿಹೋಗತ್ತೆ! ಎಲ್ಲರೂ ಬಸ್ಸಲ್ಲಿ ಬರ್ಲಿ, ನಾನೇ ಕಾರು ಓಡಿಸ್ಕೊಂಡು ಗ್ರೌಂಡಿಗೆ ಬರ್ತೀನಿ!”

“ಆಯ್ತು ಬುಡಪ್ಪ, ಯೋಳ್ತೀನಿ. ಮಲಿಕ್ಕೋ ಹೋಗು” ಎಂದರು ಆ ತಾಯಿ. ಎಷ್ಟು ಮಮತೆ ಎಂದುಕೊಂಡೆ.

ಮಲಗಿದೆ, ನಿದ್ದೆ ಬರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಕಣ್ಣು ಕೆಂಡದ ಹಾಗಿತ್ತು. ಷೆಡ್ಡಿಗೆ ಹೋಗಿ ಪೈಪಿನಿಂದ ಲೋಟ ಕಿತ್ತು ಕಾರಿನ ಹಿಂದಿನ ಸೀಟಿನ ಮೇಲಿಟ್ಟೆ. ಎಂಜಿನ್ನಿನ ಗಂಟಲಿಗೆ ಬಟ್ಟೆ ತುರುಕಿದೆ. ಅಮ್ಮಿ ತನ್ನ ಟ್ರಂಕಿನಲ್ಲಿದ್ದ ಗಮಗಮ ವಾಸನೆಯ ಹೊಸ ಸೋಪನ್ನೇ ತಂದಿದ್ದಳು. “ಅಗ್ಗದ ಸೋಪಲ್ಲಿ ನೊರೆ ಬೇಗ ಸತ್ತೋಯ್ತದೆ” ಎಂದು ನೊರೆಯನ್ನು ಪ್ಲಾಸ್ಟಿಕ್ ಬಾಯಿಯ ಹೊರಗಡೆ ಮಾತ್ರ, ತೆಳ್ಳಗೆ ಸವರಿದಳು. ಸವರುವಾಗ ಉಬ್ಬನ್ನು ಬೆರಳಲ್ಲಿ ಒಂದು ಸುತ್ತು ಮುಟ್ಟಿ ನೋಡಿ, “ಇದು ಹೆಬ್ಬೆರಳಿನ ಗೆಣ್ಣು” ಎಂದಳು. “ಬಳೆ ಸಿಕ್ಕಾಕ್ಕೊಳೋದು ಇಲ್ಲೇ.”

ನಾನು ನೂಕಿದೆ. ಕೈಮೇಲೆ ಪಟ್ಟನೆ ಹೊಡೆದಳು.

“ನೂಕಬ್ಯಾಡ. ಒಂದು ಅಂಚು ಮೊದ್ಲು ದಾಟಿಸು. ಆಮೇಲೆ ತಿರುಗಿಸು. ತಿರುಗಿಸ್ತಾ ಮಾತಾಡ್ಸು.”

“ಯಾರನ್ನ?”

“ಕೈಯಿ ಯಾರದೋ ಅವರನ್ನ. ಮಾತಾಡ್ಸಿದ್ರೆ ಕೈ ಸಡಿಲ ಬಿಡ್ತಾರೆ.”

“ಅಮ್ಮಿ, ಇದು ಪೈಪು.”

“ನಿನ್ನ ಕೈ ಪೈಪಾ? ಬಿಗಿ ಹಿಡ್ದಿರೋದು ನೀನು” ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ, ತಾನೇ ಬಾನೆಟ್ಟಿನ ಮೇಲೆ ಬಾಗಿದಳು. ಪೈಪಿನ ತುದಿಗೆ ಬಿಸಿನೀರು ಸುರಿಸಿಕೊಂಡು, ಎರಡು ಕೈಯಲ್ಲಿ ಹಿಡಿದು, ಶುರುಮಾಡಿದಳು: “ಏನವ್ವ, ಯಾವೂರು? ಬೆಂಗಳೂರಾ? ಯಾರ ಮನೆಗೆ ಬಂದೆ? ಮಕ್ಕಳೆಷ್ಟು? ಹೂಂ... ಅತ್ತೆ ಹೆಂಗವ್ರೆ? ನೋಯ್ತದಾ? ಆಯ್ತು, ಆಯ್ತು, ಇನ್ನೊಂದೇ ಚೂರು... ತಗೋ!”

‘ಚುಕ್’ ಎಂದಿತು.

ಉಬ್ಬು ದಾಟಿ ಪೈಪು ಕೂತಿತ್ತು. ತರಿದಿರಲಿಲ್ಲ, ಹರಿದಿರಲಿಲ್ಲ. ಅಮ್ಮಿ ಸೆರಗಿನಲ್ಲಿ ಕೈ ಒರೆಸಿಕೊಂಡು ಚಹಾ ಮಾಡಲು ಒಳಗೆ ಹೋದಳು. ನಾನು ಸೆನ್ಸರ್ ಕಡೆಯ ತುದಿ ಬಿಡಿಸಿ, ಪೈಪಿನೊಳಗಿಂದ ಗಂಟಲ ಬಟ್ಟೆ ತೆಗೆದು (ಲಿಸ್ಟಿನಲ್ಲಿ ನಾಲ್ಕನೆಯದು), ಮತ್ತೆ ಕೂರಿಸಿ, ಕ್ಲಿಪ್ಪುಗಳನ್ನು ಬಿಗಿದು, ಕಾರು ಶುರುಮಾಡಿದೆ. ಎಂಜಿನ್ ಒಂದೇ ಸಮ ಉಸಿರಾಡುತ್ತಿತ್ತು. ಎಷ್ಟೋ ಹೊತ್ತು ಕೇಳಿಸಿಕೊಂಡು ನಿಂತೆ.

ಗ್ರೌಂಡಿಗೆ ಹೋದಾಗ ಒಂಬತ್ತೂವರೆ. ಕುಣಿಗಲ್ ಬಸ್ಸು ಸಮಯಕ್ಕೆ ಬಂದಿತ್ತು. ಶಾರದಮ್ಮ ಮತ್ತು ಎಂಟು ಹೆಂಗಸರು ಬೇವಿನ ಮರದ ಕೆಳಗೆ ಸಾಲಾಗಿ ನಿಂತಿದ್ದರು. ನಾನು ನಗುತ್ತ ಇಳಿದೆ. ಯಾರೂ ನಗಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಸೈಕಲ್ ಟ್ಯೂಬು ನೆನಪಿದೆ ಇವರಿಗೆ, ನಂಬಿಕೆ ಹೋಗಿದೆ ಎಂದುಕೊಂಡೆ. ಅವರಲ್ಲಿ ಎಲ್ಲಕ್ಕಿಂತ ಗಾಬರಿಯಲ್ಲಿದ್ದವಳು ನಾಗರತ್ನ. ಕಾರಿನೊಳಗೆ ಇಣುಕಿ, ಹಿಂದಿನ ಸೀಟಿನ ಮೇಲಿದ್ದ ಸ್ಟೀಲ್ ಲೋಟ ನೋಡಿ, ಶಾರದಮ್ಮನಿಗೆ ಮೊಣಕೈ ತಿವಿದಳು.

ಶಾರದಮ್ಮ ಹತ್ತಿರ ಬಂದು ಮೂಗಿನಲ್ಲಿ ಗಾಳಿ ಎಳೆದುಕೊಂಡರು. “ಸೋಪಿನ ವಾಸನೆ ಜೋರಾಗಿದೆ” ಎಂದರು.

“ಬೆಳಿಗ್ಗೆ ಸ್ವಲ್ಪ ಜಾಸ್ತೀನೇ ಹಾಕ್ಬೇಕಾಯ್ತಮ್ಮ, ಅದಿಲ್ದಿದ್ರೆ ಕಷ್ಟವಾಗ್ತಿತ್ತು” ಎಂದೆ.

“ನಂಗರ್ಥ ಆಯ್ತದೆ” ಎಂದು ಕೀಲಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. “ನೀವು ಆ ಕಲ್ಲಿನ ಮೇಲೆ ಕೂತ್ಕಳಿ, ಅಜೀಜಣ್ಣ. ಗಾಡಿ ಹತ್ರ ಬರಬ್ಯಾಡಿ.”

ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬಾಕೆ ಬಂದು ಹುಳಿ ಮಜ್ಜಿಗೆ ಕೊಟ್ಟಳು. ಇನ್ನೊಬ್ಬಾಕೆ ನಿಂಬೆಹಣ್ಣು ಕೊಯ್ದು ತಂದು, “ಚೀಪಿ ಅಣ್ಣಾ” ಎಂದಳು. ನನ್ನ ಕೆಲಸಕ್ಕೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿರಲಿಲ್ಲ. ಎರಡನ್ನೂ ಮುಗಿಸಿದೆ. ಮುಖ ಹಿಂಡಿತು.

ಟೆಸ್ಟು ಶುರುವಾಯಿತು. ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತು ಒಬ್ಬೊಬ್ಬರನ್ನೇ ಓಡಿಸಲು ಹೇಳುತ್ತಿದ್ದರು. ನಾನು ಚಕ್ರ ನೋಡುತ್ತಿರಲಿಲ್ಲ, ಕಿವಿಯಲ್ಲೇ ಇದ್ದೆ. ಒಬ್ಬಳು, ಇಬ್ಬರು, ಏಳು ಜನ. ಎಂಜಿನ್ ಒಮ್ಮೆಯೂ ಏದುಸಿರು ಬಿಡಲಿಲ್ಲ. ಕೊನೆಗೆ ನಾಗರತ್ನ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಬೇಕು. ಪಾಪ, ಹೆದರಿ ಆಕ್ಸಿಲೇಟರ್ ಪೂರ್ತಿ ತುಳಿದಳು. ಅಂಥ ಹೊತ್ತಿನಲ್ಲಿ ಎಂಜಿನ್ ತನ್ನ ಜಾಗದಲ್ಲೇ ಹಿಂದಕ್ಕೆ ವಾಲುತ್ತದೆ, ಪೈಪನ್ನು ಎಳೆದು ಕೀಳಲು ನೋಡುತ್ತದೆ. ಕಳಚುವುದಿದ್ದರೆ ಈಗಲೇ. ನಾನು ಕಲ್ಲಿನಿಂದ ಎದ್ದು ನಿಂತೆ. ಕಾರು ಒಂದು ಗೇಣು ಹಿಂದೆ ಬಂತು, ನಿಂತಿತು, ಗುಡುಗಿತು, ಏರಿ ಆಚೆಗಿಳಿಯಿತು.

ಪೈಪು ಕದಲಿರಲಿಲ್ಲ. ಎಂಟು ಜನವೂ ಪಾಸು.

ಹತ್ತು ದಿನದ ಮೇಲೆ ನಂಜಪ್ಪನವರೇ ಫೋನ್ ಮಾಡಿ, ಬೇಕಿದ್ದರೆ ಕಂಪನಿ ಪೈಪು ಬಂದಿದೆ ಎಂದರು. ‘ಬೇಡ ಸಾರ್, ಬಳೆ ಕೂತಿದೆ’ ಎಂದೆ. ಅವರಿಗೆ ನೆನಪಿತ್ತೋ ಇಲ್ಲವೋ. ಫೋನ್ ಇಟ್ಟುಬಿಟ್ಟರು. ಆ ಪೈಪು ಕಾರು ಮಾರುವ ತನಕವೂ ಅಲ್ಲೇ ಇತ್ತು. ನನ್ನ ಬೋರ್ಡೂ ಇತ್ತು, ಶಾರದಮ್ಮನದೂ ಇತ್ತು.

ಆದರೆ ಅವತ್ತು ಗ್ರೌಂಡಿನಲ್ಲಿ, ಎಲ್ಲ ಮುಗಿದು ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿರುವಾಗ, ಶಾರದಮ್ಮ ನನ್ನನ್ನು ಪಕ್ಕಕ್ಕೆ ಕರೆದರು.

“ಅಜೀಜಣ್ಣ, ತಂಗಿ ಅನ್ಕೊಂಡು ಒಂದು ಮಾತು ಕೇಳಿ. ಬುಟ್ಬುಡಿ ಅದನ್ನ.”

“ಯಾವುದನ್ನಮ್ಮ?”

“ಎಣ್ಣೇನ.”

“ಅಯ್ಯೋ, ಅದನ್ನ ಬಿಟ್ಟು ಎಷ್ಟೋ ವರ್ಷ ಆಯ್ತಲ್ಲ! ಒಂದೇ ಒಂದು ಸಲ, ಗುಬ್ಬಿ ಮದುವೇಲಿ ಮರ್ಯಾದೆ ಹೋಯ್ತು, ಅವತ್ತೇ ಕೊನೆ.”

“ಮತ್ತೆ ನೆನ್ನೆ?”

“ನೆನ್ನೆ ಎಲ್ಲಿ? ನೆನ್ನೆ ಸೋಪು.”

ಶಾರದಮ್ಮ ನನ್ನ ಮುಖವನ್ನೇ ನೋಡಿದರು. ಆಮೇಲೆ ಹೇಳಿದರು. ಹಿಂದಿನ ದಿನ ಮನೆಗೆ ಬಂದಾಗ ಅತ್ತೆ ಹ್ಯಾಪುಮೋರೆ ಹಾಕಿಕೊಂಡು ಕೂತಿದ್ದರಂತೆ. “‘ಪಾಪ ಕಣವ್ವ, ಆ ಸಾಬ್ರು ಫೋನ್ ಮಾಡಿದ್ರು. ತುಂಬಾ ಟೈಟಾಗವ್ರಂತೆ. ಇನ್ಮ್ಯಾಕೆ ಎಣ್ಣೆ ಹಾಕಲ್ಲ ಅಂತ ಕೂಗ್ಕೋತಿದ್ರು. ಬೆಳಿಗ್ಗೆ ಎಂಟ್ ಗಂಟಿಗೆ ಸರಿಹೋಯ್ತಾರಂತೆ. ಅವ್ರೇ ಕಾರ್ ಓಡಿಸ್ಕೊಂಡ್ ಬತ್ತಾರಂತೆ, ನೀನು ಬುಡಬ್ಯಾಡ’ ಅಂದ್ರು. ಎಂಟು ಮನೆಗೂ ಸುದ್ದಿ ಹೋಯ್ತು. ‘ಕುಡುಕನ ಕೈಲಿ ರಿಪೇರಿ ಆದ ಕಾರಾ’ ಅಂತ ನಾಗರತ್ನನ ಗಂಡ ಅವಳ ಬಸ್ ಚಾರ್ಜು ಕೊಡ್ಲಿಲ್ಲ.”

ನನಗೆ ಭೂಮಿ ಬಿರಿದ ಹಾಗಾಯಿತು. ಲಿಸ್ಟಿನ ಹನ್ನೊಂದನೆಯದು. ಐದು ಹೊತ್ತು ನಮಾಜು ಮಾಡುವವನು ನಾನು. ಮದುವೆ ಮನೆಯ ಶರಬತ್ತನ್ನೂ ಮೂಸಿ ಕುಡಿಯುವವನು.

“ಮತ್ತೆ... ಮತ್ತೆ ನೀವೆಲ್ಲ ಯಾಕ್ ಬಂದ್ರಿ?” ಎಂದೆ.

“ಬರ್ದೆ ಏನು?” ಎಂದರು ಶಾರದಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. “ಕುಡ್ದು ಗಾಡಿ ಓಡ್ಸೋ ಗಂಡಸರ ಪಕ್ಕದಲ್ಲಿ ಇಷ್ಟು ವರ್ಷ ಕೂತಿಲ್ವಾ ನಾವು? ಟೈಟಾಗಿದ್ರೂ ಅಜೀಜಣ್ಣನ ಕೈ ನೆಟ್ಟಗಿರ್ತದೆ, ನಡೀರಿ ಅಂದೆ. ನಾಗರತ್ನನ ಟಿಕೆಟ್ಟನ್ನ ಏಳು ಜನ ಸೇರಿ ತಗೊಂಡ್ರು.”

ನಾನು ಸ್ಟೀಲ್ ಲೋಟ ತೆಗೆದು ಎತ್ತಿ ಹಿಡಿದು, ಅಮ್ಮಿ, ಸೋಪು, ಉಬ್ಬು, ಎಲ್ಲವನ್ನೂ ಮೊದಲಿನಿಂದ ವಿವರಿಸಿದೆ. ಒಂಬತ್ತು ಹೆಂಗಸರೂ ಬೇವಿನ ಮರ ಹಿಡಿದುಕೊಂಡು ನಕ್ಕರು. ಆದರೆ ಕುಣಿಗಲ್ಲಿನ ಆ ಅಜ್ಜಿ ಕೊನೆಯ ತನಕ ನಂಬಲಿಲ್ಲ. ಆಮೇಲೆ ಯಾವಾಗ ಆ ಮನೆಗೆ ಹೋದರೂ ಮೊದಲು ಮಜ್ಜಿಗೆ ತಂದಿಟ್ಟು, ಆಮೇಲೆ ಮಾತು.

ಈ ಕೆಲಸಕ್ಕೆ ಬರುವವರೇ, ರಬ್ಬರ್ ಹರಿಯಲಿಲ್ಲ. ಪ್ಲಾಸ್ಟಿಕ್ ಬಿರಿಯಲಿಲ್ಲ. ಸ್ಕ್ರೂ ಬೀಳಲಿಲ್ಲ, ಬಟ್ಟೆ ಉಳಿಯಲಿಲ್ಲ, ಸೆನ್ಸರ್ ಸಾಯಲಿಲ್ಲ, ಅಮ್ಮಿ ಎಡವಲಿಲ್ಲ, ಬಸ್ಸು ಕೆಡಲಿಲ್ಲ. ಹದಿನಾಲ್ಕರಲ್ಲಿ ಒಂದೂ ನಡೆಯಲಿಲ್ಲ. ಫೋನಿನಲ್ಲಿ ‘ಪೈಪು’ ಎನ್ನುವ ಒಂದು ಮಾತು ಬಿಟ್ಟುಹೋಗಿತ್ತು, ಅಷ್ಟೆ.